ಸಹಿ ಬಿದ್ದರೆ ಸಾಲದು: ದಕ್ಷಿಣ ಸುಡಾನ್ ನಮಗೆ ಕಲಿಸುವ ಪಾಠ

ಓದಿಕೊಳ್ಳಬೇಕಾದ ವಾಕ್ಯಭಾಗಗಳು: ನ್ಯಾಯಸ್ಥಾಪಕರು 12:1-6, 1 ಅರಸುಗಳು 12:1-19, ಮತ್ತಾಯ 5:23-24, ಯೊವಾನ್ನ 13:1-15



ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವು ಪಕ್ಕದವರ ಕಡೆಗೆ ತಿರುಗಿ ಶಾಂತಿಯನ್ನು ಕೋರುತ್ತೇವೆ. ಅದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಮುನಿಸು ಇರುವವರು ಎರಡು ಬೆಂಚು ಹಿಂದೆ ಕುಳಿತಿದ್ದರೆ ನಾವು ಅವರ ಕಡೆಗೆ ತಿರುಗುವುದೇ ಇಲ್ಲ. ಶಾಂತಿ ಎಂಬ ಮಾತು ಬಾಯಿಗೆ ಎಷ್ಟು ಸುಲಭವೋ ಬದುಕಿಗೆ ಅಷ್ಟೇ ಕಷ್ಟ. ಈ ತಿಂಗಳ ಅಧ್ಯಯನದಲ್ಲಿ ಇಡೀ ದೇಶವೊಂದು ಈ ಕಷ್ಟವನ್ನು ಹೇಗೆ ಅನುಭವಿಸುತ್ತಿದೆ ಎಂಬುದನ್ನು ನೋಡೋಣ. ಅದು ದಕ್ಷಿಣ ಸುಡಾನ್. ವಿಶ್ವಸಂಸ್ಥೆಯ 193ನೆಯ ಸದಸ್ಯ ರಾಷ್ಟ್ರ, ಜಗತ್ತಿನ ಅತ್ಯಂತ ಕಿರಿಯ ದೇಶ. ಅಲ್ಲಿನ ಬಹುಪಾಲು ಜನ ಕ್ರೈಸ್ತರು, ಅವರಲ್ಲಿ ಕಥೋಲಿಕರ ಸಂಖ್ಯೆ ದೊಡ್ಡದು. ಹಾಗಾಗಿ ಇದು ನಮ್ಮದೇ ಕುಟುಂಬದ ಕಥೆಯೂ ಹೌದು.

ಸ್ವಾತಂತ್ರ್ಯ ಬಂದ ದಾರಿ

ಸುಡಾನ್ 1956ರ ಜನವರಿ 1ರಂದು ಸ್ವತಂತ್ರವಾಯಿತು. ಆದರೆ ಅಧಿಕಾರವೆಲ್ಲ ಉತ್ತರದ ಖಾರ್ಟೂಮ್ ನಗರದಲ್ಲೇ ಉಳಿಯಿತು. ದಕ್ಷಿಣದ ಕಪ್ಪು ಜನರಿಗೆ ಪಾಲೂ ಸಿಗಲಿಲ್ಲ, ಗೌರವವೂ ಸಿಗಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ, 1955ರಲ್ಲಿ ಹೊತ್ತಿಕೊಂಡ ಯುದ್ಧ 1972ರ ತನಕ ನಡೆಯಿತು. 1964ರಲ್ಲಿ ಸರ್ಕಾರ ವಿದೇಶಿ ಮಿಷನರಿಗಳನ್ನು ದೇಶದಿಂದ ಹೊರಹಾಕಿತು. ಆಗ ಅನೇಕ ಹಳ್ಳಿಗಳಲ್ಲಿ ವಿಶ್ವಾಸದ ದೀಪವನ್ನು ಆರದಂತೆ ಕಾಪಾಡಿದವರು ಸ್ಥಳೀಯ ಉಪದೇಶಿಗಳು. 1972ರಲ್ಲಿ ಅಡಿಸ್ ಅಬಾಬದಲ್ಲಿ ಒಪ್ಪಂದವಾಯಿತು. ಅದು ಹನ್ನೊಂದು ವರ್ಷ ಬಾಳಿ, 1983ರಲ್ಲಿ ಮುರಿದುಬಿತ್ತು. ಎರಡನೆಯ ಯುದ್ಧ 2005ರ ತನಕ ಎಳೆಯಿತು. ಅದರಲ್ಲಿ ಯುದ್ಧ, ಹಸಿವು, ರೋಗಗಳಿಂದ ಸತ್ತವರು ಸುಮಾರು 20 ಲಕ್ಷ ಎಂದು ಅಂದಾಜು.

2005ರ ಜನವರಿ 9ರಂದು ನೈರೋಬಿಯಲ್ಲಿ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ದಕ್ಷಿಣದವರ ಹೋರಾಟದ ನಾಯಕ ಜಾನ್ ಗರಾಂಗ್ ಅದೇ ವರ್ಷ ಜುಲೈ 30ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಸಾಲ್ವಾ ಕೀರ್ ಬಂದರು. 2011ರ ಜನವರಿಯಲ್ಲಿ ಜನಮತಗಣನೆ ನಡೆದಾಗ ಶೇಕಡ 98.83ರಷ್ಟು ಮಂದಿ ಪ್ರತ್ಯೇಕ ದೇಶ ಬೇಕೆಂದರು. ಜುಲೈ 9ರಂದು ಜೂಬಾ ನಗರದಲ್ಲಿ ಹೊಸ ಬಾವುಟ ಏರಿತು. ದಶಕಗಳ ಕಾಲ ಕಾಡಿನಲ್ಲಿ, ಶಿಬಿರಗಳಲ್ಲಿ ಬದುಕಿದವರು ಅಂದು ಬೀದಿಗಿಳಿದು ಕುಣಿದರು, ಅತ್ತರು. ಇನ್ನು ಯುದ್ಧ ಮುಗಿಯಿತು ಎಂದೇ ಅವರು ನಂಬಿದ್ದರು.

ಎರಡೂವರೆ ವರ್ಷ

ಆ ನಂಬಿಕೆ ಎರಡೂವರೆ ವರ್ಷವೂ ಉಳಿಯಲಿಲ್ಲ. 2013ರ ಜುಲೈಯಲ್ಲಿ ಅಧ್ಯಕ್ಷ ಕೀರ್ ತಮ್ಮ ಉಪಾಧ್ಯಕ್ಷ ರಿಯೆಕ್ ಮಚಾರ್ ಅವರನ್ನೂ ಇಡೀ ಮಂತ್ರಿಮಂಡಲವನ್ನೂ ವಜಾ ಮಾಡಿದರು. ಕೀರ್ ದಿಂಕಾ ಜನಾಂಗದವರು, ಮಚಾರ್ ನೂಯೆರ್ ಜನಾಂಗದವರು. ಡಿಸೆಂಬರ್ 15ರ ರಾತ್ರಿ ಜೂಬಾದಲ್ಲಿ ಅಧ್ಯಕ್ಷರ ಕಾವಲು ಪಡೆಯೊಳಗೇ ಗುಂಡಿನ ಚಕಮಕಿ ಶುರುವಾಯಿತು. ಕೆಲವೇ ದಿನಗಳಲ್ಲಿ ಅದು ಬೋರ್, ಬೆಂಟಿಯು, ಮಲಕಾಲ್ ಪಟ್ಟಣಗಳಿಗೆ ಹಬ್ಬಿತು. ಜೀವ ಉಳಿಸಿಕೊಳ್ಳಲು ಓಡಿಬಂದ ಸಾವಿರಾರು ಜನರಿಗೆ ವಿಶ್ವಸಂಸ್ಥೆಯ ಶಾಂತಿಪಡೆ ತನ್ನ ನೆಲೆಗಳ ಬಾಗಿಲು ತೆರೆಯಿತು. ಆ ಪಡೆಯಲ್ಲಿ ನಮ್ಮ ದೇಶದ ಸೈನಿಕರೂ ಇದ್ದರು. 2013ರ ಏಪ್ರಿಲ್‌ನಲ್ಲಿ ಜೋಂಗ್ಲೈ ಪ್ರಾಂತ್ಯದಲ್ಲಿ ಐವರು ಭಾರತೀಯ ಯೋಧರು ಹೊಂಚುದಾಳಿಗೆ ಬಲಿಯಾಗಿದ್ದರು. ಡಿಸೆಂಬರ್‌ನಲ್ಲಿ ಅಕೋಬೊ ಎಂಬಲ್ಲಿ ನೆಲೆಯೊಳಗೆ ಆಶ್ರಯ ಪಡೆದಿದ್ದ ಜನರ ಮೇಲೆ ಗುಂಪೊಂದು ನುಗ್ಗಿದಾಗ ಇನ್ನಿಬ್ಬರು ಪ್ರಾಣ ಕೊಟ್ಟರು.

2015ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಮಚಾರ್ ಜೂಬಾಕ್ಕೆ ಮರಳಿದರು. 2016ರ ಜುಲೈ 8ರಂದು, ದೇಶದ ಐದನೆಯ ಹುಟ್ಟುಹಬ್ಬದ ಹಿಂದಿನ ದಿನ, ಇಬ್ಬರೂ ನಾಯಕರು ಅಧ್ಯಕ್ಷರ ಭವನದೊಳಗೆ ಇದ್ದಾಗಲೇ ಹೊರಗೆ ಅವರ ಅಂಗರಕ್ಷಕರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಯುದ್ಧ ಮತ್ತೆ ಹರಡಿತು. 2017ರ ಫೆಬ್ರವರಿಯಲ್ಲಿ ದೇಶದ ಕೆಲವು ಭಾಗಗಳಲ್ಲಿ ಕ್ಷಾಮ ಘೋಷಣೆಯಾಯಿತು. 2013ರಿಂದ 2018ರ ತನಕ ಈ ಯುದ್ಧದ ಕಾರಣದಿಂದ ಸುಮಾರು 3,83,000 ಮಂದಿ ಸತ್ತರೆಂದು ಲಂಡನ್ನಿನ ಸಂಶೋಧಕರು ಲೆಕ್ಕಹಾಕಿದ್ದಾರೆ. ಸುಮಾರು 40 ಲಕ್ಷ ಜನ ಮನೆಮಠ ಬಿಟ್ಟರು, ಅವರಲ್ಲಿ ಅರ್ಧದಷ್ಟು ಮಂದಿ ದೇಶವನ್ನೇ ಬಿಟ್ಟರು.

ಏಕೆ ಹೀಗಾಯಿತು?

ಪರಕೀಯರ ಹಿಡಿತದಿಂದ ಬಿಡುಗಡೆಯಾದವರು ತಮ್ಮತಮ್ಮಲ್ಲೇ ಏಕೆ ಕಡಿದಾಡಿದರು? ಇದಕ್ಕೆ ಮೂರು ಕಾರಣಗಳನ್ನು ನಾವು ಗಮನಿಸಬೇಕು.

ಮೊದಲನೆಯದು, ಮುಚ್ಚಿಟ್ಟ ಗಾಯ. 1991ರಲ್ಲಿ ಮಚಾರ್ ಅವರು ಗರಾಂಗ್ ಅವರಿಂದ ಬೇರೆಯಾದಾಗ ಅವರ ಕಡೆಯ ನೂಯೆರ್ ಪಡೆಗಳು ಬೋರ್ ಪ್ರದೇಶದಲ್ಲಿ ದಿಂಕಾ ಜನರ ಹತ್ಯಾಕಾಂಡ ನಡೆಸಿದವು. ದಕ್ಷಿಣದವರೆಲ್ಲ ಒಂದಾಗಿ ಉತ್ತರವನ್ನು ಎದುರಿಸಬೇಕು ಎಂಬ ಕಾರಣಕ್ಕೆ ಆ ನೆನಪನ್ನು ಬದಿಗೆ ಸರಿಸಲಾಯಿತು. 2011ರಲ್ಲಿ ಮಚಾರ್ ಅದಕ್ಕಾಗಿ ಕಣ್ಣೀರಿಟ್ಟು ಕ್ಷಮೆ ಕೇಳಿದರು. ಆದರೆ ಸತ್ತವರ ಮನೆಯವರು ಮಾತಾಡಲು, ಕೊಂದವರು ಒಪ್ಪಿಕೊಳ್ಳಲು, ಪರಿಹಾರ ಕೊಡಲು ಒಂದು ವ್ಯವಸ್ಥೆ ಇರಲಿಲ್ಲ. ಕೀವು ತೆಗೆಯದೆ ಪಟ್ಟಿ ಕಟ್ಟಿದ ಹುಣ್ಣಿನಂತೆ ಅದು ಒಳಗೊಳಗೇ ಬೆಳೆಯಿತು.

ಎರಡನೆಯದು, ಒಂದಾಗದ ಸೈನ್ಯ. 2006ರ ನಂತರ ಹಿಂದೆ ಎದುರು ಪಕ್ಷದಲ್ಲಿದ್ದ ಗುಂಪುಗಳನ್ನೆಲ್ಲ ಸೈನ್ಯಕ್ಕೆ ಸೇರಿಸಿಕೊಂಡರು. ಸಂಬಳ, ಪದವಿ ಕೊಟ್ಟರು. ಮತ್ತೆ ಯುದ್ಧವಾಗದಿರಲು ಅದು ಆಗ ಬೇಕಾಗಿತ್ತು. ಆದರೆ ಸೈನಿಕರು ಸಮವಸ್ತ್ರ ಬದಲಿಸಿದರೇ ಹೊರತು ತಮ್ಮ ತಮ್ಮ ಸೇನಾನಿಗಳ ಮೇಲಿನ ನಿಷ್ಠೆಯನ್ನು ಬದಲಿಸಲಿಲ್ಲ. ಮೇಲೆ ಇಬ್ಬರು ಮುನಿಸಿಕೊಂಡ ಕೂಡಲೇ ಕೆಳಗೆ ಸೈನ್ಯ ಎರಡು ಹೋಳಾಯಿತು.

ಮೂರನೆಯದು, ಎಣ್ಣೆಯ ಹಣ. ಸ್ವಾತಂತ್ರ್ಯ ಬಂದಾಗ ಸರ್ಕಾರದ ಆದಾಯದಲ್ಲಿ ಶೇಕಡ 98ರಷ್ಟು ಕಚ್ಚಾ ತೈಲದಿಂದಲೇ ಬರುತ್ತಿತ್ತು. ಆ ತೈಲ ಉತ್ತರದ ಸುಡಾನ್ ಮೂಲಕ ಹಾದು ಸಮುದ್ರ ಸೇರಬೇಕು. ಸಾಗಣೆಯ ದರದ ಜಗಳದಿಂದ 2012ರ ಜನವರಿಯಲ್ಲಿ ದಕ್ಷಿಣ ಸುಡಾನ್ ತೈಲ ತೆಗೆಯುವುದನ್ನೇ ನಿಲ್ಲಿಸಿತು, ಒಂದು ವರ್ಷಕ್ಕೂ ಹೆಚ್ಚು ಕಾಲ ಬೊಕ್ಕಸ ಬರಿದಾಯಿತು. ಜನ ಕೊಡುವ ತೆರಿಗೆಯಿಂದ ನಡೆಯುವ ಸರ್ಕಾರ ಜನರಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ನೆಲದಿಂದ ಬರುವ ಹಣದಿಂದ ನಡೆಯುವ ಸರ್ಕಾರಕ್ಕೆ ಆ ಭಯವಿಲ್ಲ. ಕುರ್ಚಿ ಹಿಡಿದವರಿಗೆ ಹಣ, ಬಿಟ್ಟವರಿಗೆ ಏನೂ ಇಲ್ಲ ಎಂದಾದಾಗ ಕುರ್ಚಿ ಬಿಡುವವರು ಯಾರು?

ಪವಿತ್ರ ಗ್ರಂಥದಲ್ಲಿ ರೆಹಬ್ಬಾಮನ ಪ್ರಸಂಗವನ್ನು ಇಲ್ಲಿ ಓದಿ. ಈಜಿಪ್ಟಿನ ದಾಸತ್ವದಿಂದ ಬಿಡುಗಡೆ ಹೊಂದಿದ ಜನರೇ ತಮ್ಮ ಸ್ವಂತ ಅರಸನ ಮುಂದೆ ನಿಂತು, ನಮ್ಮ ಹೆಗಲಿನ ನೊಗವನ್ನು ಸ್ವಲ್ಪ ಹಗುರ ಮಾಡಿ ಎಂದು ಬೇಡುತ್ತಾರೆ. ಹಿರಿಯರ ಬುದ್ಧಿಮಾತನ್ನು ತಳ್ಳಿಹಾಕಿದ ಅರಸ, ಇನ್ನೂ ಭಾರ ಹೇರುತ್ತೇನೆ ಎನ್ನುತ್ತಾನೆ. ಹತ್ತು ಕುಲಗಳು ಬೇರೆಯಾಗುತ್ತವೆ. ಫರೋಹನು ಹೋದ ಮಾತ್ರಕ್ಕೆ ನೊಗ ಹೋಗುವುದಿಲ್ಲ ಎಂಬುದನ್ನು ಧರ್ಮಗ್ರಂಥ ನಮ್ಮಿಂದ ಮುಚ್ಚಿಟ್ಟಿಲ್ಲ.

ನುಡಿಯೇ ಪರೀಕ್ಷೆಯಾದಾಗ

2013ರ ಡಿಸೆಂಬರ್‌ನಲ್ಲಿ ಜೂಬಾದ ಬೀದಿಗಳಲ್ಲಿ ನಡೆದದ್ದನ್ನು ಬದುಕುಳಿದವರು ಮಾನವ ಹಕ್ಕುಗಳ ತನಿಖೆದಾರರ ಮುಂದೆ ಹೇಳಿದ್ದಾರೆ. ಸೈನಿಕರು ಮನೆಮನೆ ಹೊಕ್ಕು ಗಂಡಸರನ್ನು ಹೊರಗೆಳೆದರು. ಹಣೆಯ ಮೇಲಿನ ಕುಲದ ಗೆರೆಗಳನ್ನು ನೋಡಿದರು. ದಿಂಕಾ ಭಾಷೆಯಲ್ಲಿ, ನಿನ್ನ ಹೆಸರೇನು ಎಂದು ಕೇಳಿದರು. ಆ ಭಾಷೆಯಲ್ಲಿ ಉತ್ತರ ಕೊಡಲಾಗದವರು ನೂಯೆರ್ ಎಂದು ತಿಳಿದು ಕೊಂದರು. ಸೇಡಿಗಾಗಿ ನೂಯೆರ್ ಪಡೆಗಳು ಬೋರ್, ಬೆಂಟಿಯು ಕಡೆಗಳಲ್ಲಿ ದಿಂಕಾ ಜನರನ್ನೂ ಇತರರನ್ನೂ ಕೊಂದವು. ಆಸ್ಪತ್ರೆ, ಪ್ರಾರ್ಥನಾಲಯಗಳೂ ಸುರಕ್ಷಿತವಾಗಿರಲಿಲ್ಲ. ಆ ದಿನಗಳಲ್ಲೂ ತಮ್ಮ ನೂಯೆರ್ ನೆರೆಯವರನ್ನು ಅಡಗಿಸಿಟ್ಟು ಕಾಪಾಡಿದ ದಿಂಕಾ ಜನರಿದ್ದರು ಎಂಬುದನ್ನೂ ನಾವು ಮರೆಯಬಾರದು.

ಈಗ ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯ ತೆರೆಯಿರಿ. ಗಿಲ್ಯಾದಿನವರು ಮತ್ತು ಎಫ್ರಯಿಮಿನವರು ಇಬ್ಬರೂ ಇಸ್ರಯೇಲರೇ, ಒಬ್ಬನೇ ದೇವರ ಮಕ್ಕಳು. ಅಮ್ಮೋನಿಯರ ಮೇಲಿನ ಗೆಲುವಿನ ಬೆನ್ನಿಗೇ ಅವರವರಲ್ಲಿ ಕಾಳಗ ಹತ್ತಿತು. ಜೋರ್ಡನ್ ನದಿಯನ್ನು ದಾಟುವ ಕಡವಿನಲ್ಲಿ ಗಿಲ್ಯಾದಿನವರು ಕಾವಲು ನಿಂತು, ಬಂದವರನ್ನೆಲ್ಲ ಷಿಬ್ಬೋಲೆತ್ ಎಂಬ ಒಂದು ಪದ ಹೇಳಿಸುತ್ತಿದ್ದರು. 'ಷ'ಕಾರ ಬಾಯಿಗೆ ಬಾರದೆ ಸಿಬ್ಬೋಲೆತ್ ಎಂದವನು ಅಲ್ಲೇ ಸತ್ತ. ಹಾಗೆ ಸತ್ತವರ ಲೆಕ್ಕವನ್ನು 42,000 ಎಂದು ಗ್ರಂಥ ಬರೆದಿಡುತ್ತದೆ. ಈ ಭಾಗವನ್ನು ನಾವು ದೇವಾಲಯದಲ್ಲಿ ಹೆಚ್ಚು ಕೇಳುವುದಿಲ್ಲ. ಆದರೆ ಹೊರಗಿನ ಶತ್ರು ಸೋತ ಮೇಲೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಇಲ್ಲ. ಒಬ್ಬನ ನಾಲಿಗೆ ಹೇಗೆ ಹೊರಳುತ್ತದೆ ಎಂಬುದರ ಮೇಲೆ ಅವನ ಜೀವದ ಬೆಲೆ ಕಟ್ಟುವ ತನಕ ಯಾವ ಒಪ್ಪಂದವೂ ನಿಲ್ಲದು.

ಪಾದಕ್ಕೆ ಮುತ್ತಿಟ್ಟ ಜಗದ್ಗುರು

2018ರ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಜೊತೆಯಾಗಿ ಸರ್ಕಾರ ಮಾಡಲು ನಾಯಕರು ಹಿಂದೆಮುಂದೆ ನೋಡುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ಪೋಪ್ ಜಗದ್ಗುರು ಫ್ರಾನ್ಸಿಸರು ಆ ನಾಯಕರನ್ನು ವ್ಯಾಟಿಕನ್ನಿಗೆ ಕರೆಸಿ ಎರಡು ದಿನಗಳ ಧ್ಯಾನಕೂಟ ಏರ್ಪಡಿಸಿದರು. ಅದರ ಆಲೋಚನೆ ಮೊದಲು ಬಂದದ್ದು ಆಂಗ್ಲಿಕನ್ ಸಭೆಯ ಅಂದಿನ ಕ್ಯಾಂಟರ್ಬರಿ ಮಹಾಧರ್ಮಾಧ್ಯಕ್ಷ ಜಸ್ಟಿನ್ ವೆಲ್ಬಿ ಅವರಿಗೆ. ಕೂಟದ ಕೊನೆಯಲ್ಲಿ, ಏಪ್ರಿಲ್ 11ರಂದು, 82 ವರ್ಷದ ಜಗದ್ಗುರುಗಳು ಕಷ್ಟಪಟ್ಟು ನೆಲಕ್ಕೆ ಬಾಗಿ ಕೀರ್, ಮಚಾರ್ ಮತ್ತು ಇತರ ನಾಯಕರ ಪಾದಗಳಿಗೆ ಮುತ್ತಿಟ್ಟರು. ಗರಾಂಗ್ ಅವರ ಪತ್ನಿ ರೆಬೆಕ್ಕಾ ನ್ಯಾಂಡೆಂಗ್ ಅವರೂ ಅಲ್ಲಿದ್ದರು. ಪವಿತ್ರ ಗುರುವಾರದ ಶುಭಸಂದೇಶದಲ್ಲಿ ನಾವು ಕೇಳುವ ಪ್ರಭು ಯೇಸುವಿನ ಕಾರ್ಯವೇ ಅಂದು ಕಣ್ಣಮುಂದೆ ನಡೆಯಿತು.

2020ರ ಫೆಬ್ರವರಿ 22ರಂದು ಏಕತಾ ಸರ್ಕಾರ ರಚನೆಯಾಯಿತು. ಒಬ್ಬ ಅಧ್ಯಕ್ಷ, ಐವರು ಉಪಾಧ್ಯಕ್ಷರು, 35 ಮಂತ್ರಿಗಳು, 550 ಸದಸ್ಯರ ಸಂಸತ್ತು. ಪದವಿಗಳ ಹಂಚಿಕೆಯಾಯಿತು. ಆದರೆ ಕಠಿಣವಾದ ಕೆಲಸಗಳು ಹಿಂದೆ ಬಿದ್ದವು. ಸೈನ್ಯಗಳನ್ನು ನಿಜವಾಗಿ ಒಂದು ಮಾಡುವುದು, ಸಂವಿಧಾನ ಬರೆಯುವುದು, ಯುದ್ಧಾಪರಾಧಗಳ ವಿಚಾರಣೆಗೆ ಆಫ್ರಿಕನ್ ಒಕ್ಕೂಟದೊಡನೆ ನ್ಯಾಯಾಲಯ ಸ್ಥಾಪಿಸುವುದು ಎಲ್ಲವೂ ವರ್ಷದಿಂದ ವರ್ಷಕ್ಕೆ ಮುಂದೆ ಹೋದವು. 2023ರ ಫೆಬ್ರವರಿ 3ರಿಂದ 5ರ ತನಕ ಜಗದ್ಗುರುಗಳು ಗಾಲಿಕುರ್ಚಿಯಲ್ಲೇ ಜೂಬಾಕ್ಕೆ ಹೋದರು. ವೆಲ್ಬಿ ಅವರೂ ಸ್ಕಾಟ್ಲೆಂಡ್ ಸಭೆಯ ಇಯಾನ್ ಗ್ರೀನ್‌ಶೀಲ್ಡ್ಸ್ ಅವರೂ ಜೊತೆಗಿದ್ದರು. ಅವರು ಬರುವ ಹಿಂದಿನ ದಿನವೇ ದನಗಳ ಜಗಳದಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತಿದ್ದರು. 2024ರಲ್ಲಿ ನಡೆಯಬೇಕಿದ್ದ ಮೊದಲ ಚುನಾವಣೆಯನ್ನು 2026ರ ಡಿಸೆಂಬರ್‌ಗೆ ಮುಂದೂಡಲಾಯಿತು. 2025ರ ಮಾರ್ಚ್‌ನಲ್ಲಿ ಮಚಾರ್ ಅವರನ್ನು ಗೃಹಬಂಧನದಲ್ಲಿ ಇಟ್ಟರು. ಏಪ್ರಿಲ್ 21ರಂದು ಜಗದ್ಗುರು ಫ್ರಾನ್ಸಿಸರು ಪ್ರಭುವಿನಲ್ಲಿ ನಿದ್ರಿಸಿದರು. ಸೆಪ್ಟೆಂಬರ್‌ನಲ್ಲಿ ಮಚಾರ್ ಮೇಲೆ ಕೊಲೆ ಮತ್ತು ದೇಶದ್ರೋಹದ ಆರೋಪ ಹೊರಿಸಲಾಯಿತು.

ಹಾಗಾದರೆ ಆ ಮುತ್ತು ವ್ಯರ್ಥವಾಯಿತೇ? ನಾವು ಹಾಗೆ ಹೇಳುವುದಿಲ್ಲ. ಪ್ರಭು ಯೇಸು ಕೊನೆಯ ಭೋಜನದಲ್ಲಿ ಯೂದನ ಪಾದವನ್ನೂ ತೊಳೆದರು. ಅದೇ ರಾತ್ರಿ ಅವನು ಎದ್ದು ಹೊರಗೆ ಹೋದ. ಪ್ರೀತಿ ಕರೆಯುತ್ತದೆ, ಕೈಹಿಡಿದು ಎಳೆಯುವುದಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ನಾಯಕರ ಮನಸ್ಸು ಕರಗಿದರೆ ಸಾಕು, ದೇಶಕ್ಕೆ ಶಾಂತಿ ಬರುತ್ತದೆ ಎಂದು ತಿಳಿಯುವುದು ತಪ್ಪು. ಶಾಂತಿ ನೀತಿನ್ಯಾಯದ ಫಲ ಎಂದು ಪ್ರವಾದಿ ಯೆಶಾಯ ಕಲಿಸಿದರು. ಯುದ್ಧ ಇಲ್ಲದಿರುವುದೇ ಶಾಂತಿಯಲ್ಲ, ಅದನ್ನು ದಿನದಿನವೂ ಕಟ್ಟಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯೂ ಕಲಿಸಿತು.

ಕೆಳಗಿನಿಂದ ಕಟ್ಟಿದವರು

ಹಾಗೆ ಕಟ್ಟಿದವರು ಆ ದೇಶದಲ್ಲೇ ಇದ್ದಾರೆ. 1999ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ವುನ್ಲಿಟ್ ಎಂಬ ಹಳ್ಳಿಯಲ್ಲಿ ಕ್ರೈಸ್ತ ಸಭೆಗಳ ಒಕ್ಕೂಟ ದಿಂಕಾ ಮತ್ತು ನೂಯೆರ್ ಮುಖಂಡರನ್ನು ಸೇರಿಸಿತು. ಅದಕ್ಕೆ ಮೊದಲೇ ಎರಡೂ ಕಡೆಯ ಮುಖಂಡರು ಪರಸ್ಪರರ ಊರಿಗೆ ಹೋಗಿ ಬಂದಿದ್ದರು. ಸಭೆಯಲ್ಲಿ ಮೊದಲು ಒಂದು ಕಡೆಯವರು ತಮಗಾದ ನೋವನ್ನೆಲ್ಲ ಹೇಳಿದರು, ಇನ್ನೊಂದು ಕಡೆಯವರು ಸುಮ್ಮನೆ ಕೇಳಿದರು. ಆಮೇಲೆ ಅವರ ಸರದಿ. ದಿನಗಟ್ಟಲೆ ಇದು ನಡೆಯಿತು. ಕೊನೆಗೆ ಅಪಹರಿಸಿದ ಹೆಂಗಸರು ಮಕ್ಕಳನ್ನು ಮರಳಿಸುವುದು, ಹುಲ್ಲುಗಾವಲು ಮತ್ತು ನೀರನ್ನು ಹಂಚಿಕೊಳ್ಳುವುದು ಮುಂತಾದವುಗಳನ್ನು ಒಪ್ಪಿ ಸಹಿ ಹಾಕಿದರು. ಎಲ್ಲ ಮಾತನ್ನೂ ಆಡಿ ಮುಗಿಸಿದ ಮೇಲೆ ಬಿದ್ದ ಸಹಿ ಅದು. ಬಂದೂಕು ಹಿಡಿದವರ ರಾಜಕೀಯ ಸರಿಯಾಗದ ಕಾರಣ 2013ರ ಬೆಂಕಿಯನ್ನು ತಡೆಯುವಷ್ಟು ಬಲ ಅದಕ್ಕೆ ಬರಲಿಲ್ಲ. ಆದರೂ ಹೇಗೆ ಮಾಡಬೇಕು ಎಂಬ ದಾರಿಯನ್ನು ಅದು ತೋರಿಸಿತು.

ತೊರಿತ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದ ಪಾರಿದೆ ತಬಾನ್ ಅವರು 2004ರಲ್ಲಿ ನಿವೃತ್ತರಾದರು. ಮರುವರ್ಷ ಕುರೋನ್ ಎಂಬ ಹಿಂದುಳಿದ ಮೂಲೆಯಲ್ಲಿ ಪವಿತ್ರ ತ್ರಿತ್ವದ ಶಾಂತಿಗ್ರಾಮವನ್ನು ಸ್ಥಾಪಿಸಿದರು. ದನ ಕದಿಯುತ್ತಾ, ಸೇಡು ತೀರಿಸುತ್ತಾ ಬಂದ ಜನಾಂಗಗಳ ನಡುವೆ ಅವರು ಸೇತುವೆ, ಶಾಲೆ, ಆಸ್ಪತ್ರೆ, ತೋಟ ಮಾಡಿದರು. ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿತರು. 2023ರ ನವೆಂಬರ್ 1ರಂದು ಅವರು ತೀರಿಕೊಂಡರು.

ಧರ್ಮಸಭೆಯೂ ಗಾಯಗೊಂಡಿದೆ. ರುಂಬೆಕ್ ಧರ್ಮಪ್ರಾಂತ್ಯಕ್ಕೆ ಧರ್ಮಾಧ್ಯಕ್ಷರಾಗಿ ನೇಮಕಗೊಂಡಿದ್ದ ಕೊಂಬೋನಿ ಸಭೆಯ ಕ್ರಿಸ್ಟಿಯನ್ ಕಾರ್ಲಸ್ಸಾರೆ ಅವರ ಎರಡೂ ಕಾಲಿಗೆ 2021ರ ಏಪ್ರಿಲ್‌ನಲ್ಲಿ ಗುಂಡು ಹಾರಿಸಲಾಯಿತು. ಆ ಪ್ರಕರಣದಲ್ಲಿ ಅದೇ ಧರ್ಮಪ್ರಾಂತ್ಯದ ಗುರುವೊಬ್ಬರೂ ತಪ್ಪಿತಸ್ಥರೆಂದು ನ್ಯಾಯಾಲಯ ತೀರ್ಪಿತ್ತಿತು. ಗುರುಪಟ್ಟ ಪಡೆದ ಮಾತ್ರಕ್ಕೆ ಯಾರೂ ಈ ವಿಷದಿಂದ ಪಾರಾಗುವುದಿಲ್ಲ. ಕಾರ್ಲಸ್ಸಾರೆ ಅವರು ಆಸ್ಪತ್ರೆಯಿಂದಲೇ ಕ್ಷಮೆ ಘೋಷಿಸಿದರು. 2022ರ ಮಾರ್ಚ್‌ನಲ್ಲಿ ಅದೇ ಊರಿಗೆ ಮರಳಿ ದೀಕ್ಷೆ ಪಡೆದರು. ಮರುವರ್ಷ ಜಗದ್ಗುರುಗಳನ್ನು ಕಾಣಲು ಬೇರೆ ಬೇರೆ ಜನಾಂಗಗಳ ಯುವಕ ಯುವತಿಯರೊಂದಿಗೆ ರುಂಬೆಕ್‌ನಿಂದ ಜೂಬಾಕ್ಕೆ ಒಂಬತ್ತು ದಿನ ಕಾಲ್ನಡಿಗೆಯಲ್ಲಿ ಹೋದರು.

ನಮ್ಮ ಧರ್ಮಕೇಂದ್ರದಲ್ಲಿ

ನಮ್ಮ ಸಣ್ಣ ಮುನಿಸುಗಳನ್ನು ಆ ದೇಶದ ರಕ್ತಪಾತಕ್ಕೆ ಹೋಲಿಸುವುದು ಸರಿಯಲ್ಲ. ಆದರೂ ಷಿಬ್ಬೋಲೆತ್ ಪ್ರಸಂಗವನ್ನು ಓದಿದ ಮೇಲೆ ನಮ್ಮನ್ನು ನಾವು ಕೇಳಿಕೊಳ್ಳದೆ ಇರಲಾಗದು. ತಮಿಳು, ಮಲಯಾಳ, ಕನ್ನಡ ಮೂರೂ ನುಡಿಗಳ ಧರ್ಮಪ್ರಾಂತ್ಯದಲ್ಲಿ ನಾವು ಚಿಕ್ಕ ಗುಂಪು. ಕನ್ನಡ ಬಲಿಪೂಜೆ ಬೇಕು, ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಧರ್ಮೋಪದೇಶ ಬೇಕು ಎಂದು ಕೇಳುವುದು ನ್ಯಾಯ. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕುದಿಯದೆ ಪಾಲನಾ ಸಮಿತಿಯ ಮುಂದೆ ಬಾಯಿಬಿಟ್ಟು ಕೇಳಬೇಕು. ಹೇಳದೆ ಮುಚ್ಚಿಟ್ಟ ನೋವು ಏನು ಮಾಡುತ್ತದೆ ಎಂಬುದನ್ನು ಈಗಷ್ಟೇ ನೋಡಿದೆವು.

ಇನ್ನೊಂದು ಮುಖವೂ ಇದೆ. ನಮ್ಮ ಕನ್ನಡ ಪೂಜೆಯಲ್ಲಿ ವಾಚನ ಓದಲು ಬಂದ ತಮಿಳು ಮನೆಯ ಸೊಸೆಯ ಉಚ್ಚಾರಣೆ ಕೇಳಿ ನಾವೇ ಬಾಯಿಗೆ ಸೆರಗು ಮುಚ್ಚಿ ನಕ್ಕದ್ದುಂಟು. ಆಕೆ ಮತ್ತೆ ಓದಲು ಬರಲಿಲ್ಲ. ಚಿಕ್ಕವರಾಗಿರುವ ನೋವು ಗೊತ್ತಿದ್ದ ನಾವೇ ನಮಗಿಂತ ಚಿಕ್ಕವರನ್ನು ಕಡವಿನಲ್ಲಿ ನಿಲ್ಲಿಸಿದೆವು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಂಧಾನ ಮಾಡಿಕೊಳ್ಳಿ ಎಂದು ಪ್ರಭು ಹೇಳಿದ್ದು ಇಂಥ ನಮಗೇ. ಅವರ ಮನೆಗೆ ಹೋಗಿ, ಮುಂದಿನ ಭಾನುವಾರ ನೀವೇ ಓದಬೇಕು ಎಂದು ಕರೆಯುವುದರಿಂದ ನಾವು ಶುರುಮಾಡಬಹುದು.

ಕಿರು ಸಮುದಾಯಗಳಲ್ಲಿ ಚರ್ಚಿಸಲು

1. ದಕ್ಷಿಣ ಸುಡಾನಿನಲ್ಲಿ ಶಾಂತಿ ನಿಲ್ಲದಿರಲು ಹೇಳಿದ ಮೂರು ಕಾರಣಗಳಲ್ಲಿ ನಮ್ಮ ಊರಿನ ಬದುಕಿಗೂ ಅನ್ವಯಿಸುವುದು ಯಾವುದು?

2. ವುನ್ಲಿಟ್‌ನಲ್ಲಿ ಎರಡೂ ಕಡೆಯವರು ಅಡ್ಡಮಾತಿಲ್ಲದೆ ಕೇಳಿಸಿಕೊಂಡರು. ನಮ್ಮ ಕುಟುಂಬದಲ್ಲಿ, ಸಮಿತಿಯಲ್ಲಿ ಹಾಗೆ ಕೇಳಿಸಿಕೊಳ್ಳಬೇಕಾದ ವಿಷಯ ಯಾವುದು?

3. ನುಡಿ, ಜಾತಿ ಅಥವಾ ಊರಿನ ಕಾರಣಕ್ಕೆ ನಾವು ದೂರ ಇಟ್ಟವರು ಯಾರು? ಈ ತಿಂಗಳಲ್ಲಿ ಅವರ ಮನೆಗೆ ಯಾರು ಹೋಗುತ್ತೀರಿ?

ಪ್ರಾರ್ಥಿಸೋಣ

ಪ್ರಭುವೇ, ದಕ್ಷಿಣ ಸುಡಾನಿನ ಜನರನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಅಲ್ಲಿನ ನಾಯಕರಿಗೆ ಕೊಟ್ಟ ಮಾತನ್ನು ನಡೆಸುವ ಮನಸ್ಸನ್ನು ಕೊಡಿ. ಶಿಬಿರಗಳಲ್ಲಿ ಇರುವವರಿಗೆ ಮನೆಗೆ ಮರಳುವ ದಿನವನ್ನು ಕೊಡಿ. ಅವರ ನಡುವೆ ಸೇವೆ ಸಲ್ಲಿಸುವಾಗ ಪ್ರಾಣ ತೆತ್ತ ನಮ್ಮ ಯೋಧರಿಗೆ ನಿತ್ಯ ವಿಶ್ರಾಂತಿಯನ್ನು ಕರುಣಿಸಿ. ಸುಡಾನಿನ ನೆಲದಲ್ಲಿ ಹುಟ್ಟಿ, ದಾಸಿಯಾಗಿ ಮಾರಾಟವಾಗಿ, ತನ್ನನ್ನು ನೋಯಿಸಿದವರನ್ನು ಕ್ಷಮಿಸಿದ ಸಂತ ಜೋಸೆಫಿನ್ ಬಖೀತಾ ಅವರ ಬಿನ್ನಹದಿಂದ, ನಾವು ಬಾಯಲ್ಲಿ ಹೇಳುವ ಶಾಂತಿಯನ್ನು ನಮ್ಮ ನೆರೆಮನೆಯಲ್ಲಿ ಕಟ್ಟುವ ಧೈರ್ಯವನ್ನು ಕೊಡಿ. ಆಮೆನ್.